ಮುಚ್ಚಿದ ರಸ್ತೆಯ ಓಟ: ಏಷ್ಯಾ–ಪೆಸಿಫಿಕ್ ರ್ಯಾಲಿ ಮತ್ತು ಕರ್ನಾಟಕದ ಮಣ್ಣಿನ ದಾರಿಗಳು

ಕಲಬುರಗಿ: ‘ರ್ಯಾಲಿ’ ಎಂದೊಡನೆ ಈ ಊರಿನವರ ಕಣ್ಣ ಮುಂದೆ ಬರುವುದು ನೂತನ ವಿದ್ಯಾಲಯ ಮೈದಾನದ ರಾಜಕೀಯ ಸಮಾವೇಶ, ಬಾವುಟ ಕಟ್ಟಿದ ಜೀಪುಗಳು, ಹಳ್ಳಿಗಳಿಂದ ಜನರನ್ನು ತುಂಬಿಕೊಂಡು ಬಂದ ಬಸ್ಸುಗಳ ಸಾಲು. ಮೋಟಾರ್ ರ್ಯಾಲಿ ಎಂಬ ಕ್ರೀಡೆಯ ಸುದ್ದಿ ಪತ್ರಿಕೆಗಳ ಕ್ರೀಡಾಪುಟದ ಮೂಲೆಯಲ್ಲಿ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. ಆದರೆ ಇದೇ ರಾಜ್ಯದ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ 2016 ಮತ್ತು 2017ರಲ್ಲಿ ಏಷ್ಯಾ–ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದವು. ಆ ಎರಡೂ ವರ್ಷ ಚಾಂಪಿಯನ್ ಪಟ್ಟ ಭಾರತೀಯ ಚಾಲಕನೊಬ್ಬನಿಗೆ ದಕ್ಕಿತು. ಕ್ರಿಕೆಟ್‌ನಲ್ಲಿ ಹೀಗಾಗಿದ್ದರೆ ಊರೂರಿನಲ್ಲಿ ಪಟಾಕಿ ಸಿಡಿಯುತ್ತಿತ್ತು. ಇಲ್ಲಿ ಬಹುತೇಕರಿಗೆ ಸುದ್ದಿಯೇ ತಲುಪಲಿಲ್ಲ.

ತಲುಪದಿರುವುದಕ್ಕೆ ಒಂದು ಕಾರಣ ಕ್ರೀಡೆಯ ಸ್ವರೂಪದಲ್ಲಿಯೇ ಇದೆ. ಇದಕ್ಕೆ ಕ್ರೀಡಾಂಗಣವಿಲ್ಲ, ಗ್ಯಾಲರಿಯಿಲ್ಲ, ಇಡೀ ಸ್ಪರ್ಧೆಯನ್ನು ಒಂದೆಡೆ ಕುಳಿತು ನೋಡುವ ಅವಕಾಶವೂ ಇಲ್ಲ. ಹಳ್ಳಿಗರು ದಿನನಿತ್ಯ ತಿರುಗಾಡುವ ದಾರಿಯನ್ನೇ ಕೆಲವು ಗಂಟೆಗಳ ಮಟ್ಟಿಗೆ ಎರವಲು ಪಡೆದು, ಮುಚ್ಚಿ, ಅದರ ಮೇಲೆ ಓಟ ನಡೆಸಿ, ಸಂಜೆಗೆ ಮರಳಿ ಒಪ್ಪಿಸುವ ಆಟ ಇದು. ಈ ಎರವಲು ಎಷ್ಟು ಎಚ್ಚರದಿಂದ ನಡೆಯುತ್ತದೆ ಎಂಬುದರ ಮೇಲೆ ಓಟಗಾರರದ್ದಷ್ಟೇ ಅಲ್ಲ, ಆ ದಾರಿಯ ಬದಿಯಲ್ಲಿ ಬದುಕುವವರ ಪ್ರಾಣವೂ ನಿಂತಿದೆ.

ಗಡಿಯಾರದೊಂದಿಗೆ ಪಂದ್ಯ

ಫಾರ್ಮುಲಾ ಒನ್ ಓಟವನ್ನು ದೂರದರ್ಶನದಲ್ಲಿ ಕಂಡವರು ರ್ಯಾಲಿಯೂ ಹಾಗೆಯೇ ಇರಬಹುದೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಎರಡಕ್ಕೂ ಹೋಲಿಕೆ ಕಡಿಮೆ. ಸರ್ಕ್ಯೂಟ್ ಓಟದಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಹೊರಟು ಒಂದನ್ನೊಂದು ಹಿಂದಿಕ್ಕಲು ಹೆಣಗುತ್ತವೆ. ರ್ಯಾಲಿಯಲ್ಲಿ ಕಾರುಗಳು ಒಂದೆರಡು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ. ಎದುರಾಳಿ ಕಣ್ಣಿಗೆ ಬೀಳುವುದಿಲ್ಲ. ಪಂದ್ಯ ಗಡಿಯಾರದೊಂದಿಗೆ. ಮೂರು ದಿನಗಳ ಅವಧಿಯಲ್ಲಿ ಹತ್ತಾರು ‘ವಿಶೇಷ ಹಂತ’ಗಳು ಇರುತ್ತವೆ. ಪ್ರತಿ ಹಂತದಲ್ಲಿ ತೆಗೆದುಕೊಂಡ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೂ ಅಳೆದು ಕೂಡಿಸಲಾಗುತ್ತದೆ. ಒಟ್ಟು ಸಮಯ ಯಾರದ್ದು ಕಡಿಮೆಯೋ ಅವರೇ ವಿಜೇತರು.

ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಹೋಗುವ ದಾರಿಯದ್ದು ಬೇರೆಯೇ ಕಥೆ. ಅದು ಸಾರ್ವಜನಿಕರಿಗೆ ತೆರೆದ ಮಾಮೂಲು ರಸ್ತೆ. ಅಲ್ಲಿ ರ್ಯಾಲಿ ಕಾರು ಕೂಡ ಲಾರಿ, ಬಸ್ಸು, ಎಮ್ಮೆಗಳ ನಡುವೆ ಸಂಚಾರ ನಿಯಮ ಪಾಲಿಸಿಯೇ ಸಾಗಬೇಕು. ಕಾರಿಗೆ ನೋಂದಣಿ ಫಲಕವೂ ವಿಮೆಯೂ ಇರಬೇಕು. ಮುಂದಿನ ಹಂತದ ಆರಂಭಕ್ಕೆ ನಿಗದಿತ ನಿಮಿಷಕ್ಕೆ ಸರಿಯಾಗಿ ಹಾಜರಾಗಬೇಕು. ತಡವಾದರೆ ಪ್ರತಿ ನಿಮಿಷಕ್ಕೆ ಹತ್ತು ಸೆಕೆಂಡು ದಂಡ. ಬೇಗ ಹೋದರೆ ಪ್ರತಿ ನಿಮಿಷಕ್ಕೆ ಪೂರ್ತಿ ಒಂದು ನಿಮಿಷ ದಂಡ. ತಡವಾದವರಿಗಿಂತ ಬೇಗ ಬಂದವರಿಗೆ ಆರು ಪಟ್ಟು ಶಿಕ್ಷೆ ವಿಧಿಸುವ ಈ ನಿಯಮ ಮೊದಲ ಓದಿಗೆ ವಿಚಿತ್ರವೆನಿಸೀತು. ತೆರೆದ ರಸ್ತೆಯಲ್ಲಿ ಯಾರೂ ಅವಸರ ಮಾಡದಂತೆ ತಡೆಯುವುದೇ ಅದರ ಉದ್ದೇಶ.

ಓಟಕ್ಕೆ ಮುನ್ನ ಸ್ಪರ್ಧಿಗಳಿಗೆ ಹಂತಗಳ ದಾರಿಯನ್ನು ನಿಧಾನ ವೇಗದಲ್ಲಿ ಸಾಮಾನ್ಯವಾಗಿ ಎರಡು ಬಾರಿ ನೋಡಲು ಅವಕಾಶ ಕೊಡಲಾಗುತ್ತದೆ. ಆಗ ಚಾಲಕ ಪ್ರತಿ ತಿರುವು, ದಿಬ್ಬ, ಸೇತುವೆ, ಕಲ್ಲು ಇವುಗಳನ್ನು ಹೇಳುತ್ತಾ ಹೋದಂತೆ ಪಕ್ಕದಲ್ಲಿ ಕುಳಿತ ಸಹಚಾಲಕ ತನ್ನದೇ ಸಂಕೇತಗಳಲ್ಲಿ ಬರೆದುಕೊಳ್ಳುತ್ತಾನೆ. ತಿರುವುಗಳನ್ನು ಬಹುಪಾಲು ತಂಡಗಳು ಒಂದರಿಂದ ಆರರವರೆಗಿನ ಅಂಕಿಗಳಲ್ಲಿ ಗುರುತಿಸುತ್ತವೆ. ಒಂದು ಎಂದರೆ ಕಾರು ನಿಂತೇ ಹೋಗುವಂಥ ಕಡಿದಾದ ತಿರುವು, ಆರು ಎಂದರೆ ವೇಗ ತಗ್ಗಿಸದೆ ಹಾಯಬಹುದಾದ ಸೌಮ್ಯ ತಿರುವು. ‘ಎಡ ಮೂರು, ಐವತ್ತು, ದಿಬ್ಬದಾಚೆ ಬಲ ಎರಡು, ಒಳಗೆ ಕಲ್ಲು’ ಎಂದರೆ ಎಡಕ್ಕೆ ಮಧ್ಯಮ ತಿರುವು, ಬಳಿಕ ಐವತ್ತು ಮೀಟರ್ ನೇರ, ದಿಬ್ಬ ಹತ್ತಿದ ಮೇಲೆ ಬಲಕ್ಕೆ ಬಿಗಿಯಾದ ತಿರುವು, ಅದರ ಒಳಅಂಚಿನಲ್ಲಿ ಕಲ್ಲಿದೆ ಎಂದರ್ಥ. ದಿಬ್ಬದಾಚೆ ಏನಿದೆಯೆಂದು ಚಾಲಕನಿಗೆ ಕಾಣುವುದಿಲ್ಲ. ಆತ ಕಾಗದವನ್ನು ನಂಬಿ ಕಾರು ನುಗ್ಗಿಸುತ್ತಾನೆ.

ಈ ಕಾಗದ ಓದುವ ಕೆಲಸಕ್ಕೆ ನಮ್ಮಲ್ಲಿ ಗೌರವ ಸಂದಿರುವುದು ಕಡಿಮೆ. ಕುಲುಕಾಡುವ ಕಾರಿನಲ್ಲಿ ತಲೆ ತಗ್ಗಿಸಿ ಕುಳಿತು, ಹೊರಗೆ ನೋಡದೆ, ಚಾಲಕನಿಗೆ ಬೇಕಾದ ಕ್ಷಣಕ್ಕೆ ಒಂದಿಷ್ಟೂ ಹಿಂದೆ ಮುಂದೆ ಆಗದಂತೆ ಸಂಕೇತ ಹೇಳಬೇಕು. ಜತೆಗೆ ಸಮಯದ ಲೆಕ್ಕ, ದಾರಿಯ ಪುಸ್ತಕ, ದಂಡದ ಲೆಕ್ಕ ಎಲ್ಲವೂ ಆತನದೇ. ಗಡಿನಾಡು ಕಾಸರಗೋಡಿನ ಕುಂಬಳೆ ಸಮೀಪದ ಮೊಗ್ರಾಲಿನ ಮೂಸಾ ಶರೀಫ್ ಭಾರತದ ರ್ಯಾಲಿ ವಲಯದಲ್ಲಿ ಈ ಕೆಲಸಕ್ಕೇ ಹೆಸರಾದವರು. ಹಲವು ಚಾಲಕರ ಪಕ್ಕದಲ್ಲಿ ಕುಳಿತು ಹಲವು ಬಾರಿ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಬೆಂಗಳೂರಿನ ನಿಖಿಲ್ ಪೈ ಇದೇ ಸಾಲಿನ ಮತ್ತೊಬ್ಬರು. ಚಾಲಕರ ಹೆಸರು ಗೊತ್ತಿರುವವರಿಗೂ ಇವರ ಹೆಸರು ಗೊತ್ತಿರುವುದಿಲ್ಲವೆಂಬುದು ವಿಷಾದದ ಸಂಗತಿ.

ಎರಡನೇ ಪಂಕ್ತಿ ಎಂದರೇನು?

ರ್ಯಾಲಿಯ ಶಿಖರದಲ್ಲಿರುವುದು 1973ರಲ್ಲಿ ಆರಂಭವಾದ ವಿಶ್ವ ರ್ಯಾಲಿ ಚಾಂಪಿಯನ್‌ಷಿಪ್. ಮೋಟಾರ್ ಕ್ರೀಡೆಗಳ ಜಾಗತಿಕ ಆಡಳಿತ ಸಂಸ್ಥೆಯಾದ ಎಫ್‌ಐಎ ಇದನ್ನು ನಡೆಸುತ್ತದೆ. ಟೊಯೊಟಾ, ಹುಂಡೈ, ಫೋರ್ಡ್‌ನಂಥ ತಯಾರಕರ ತಂಡಗಳಷ್ಟೇ ಅಲ್ಲಿನ ಅಗ್ರಶ್ರೇಣಿಯಲ್ಲಿ ನಿಲ್ಲಬಲ್ಲವು. ಆ ವೆಚ್ಚ ಖಾಸಗಿ ಚಾಲಕನೊಬ್ಬನ ಕೈಗೆಟುಕುವಂಥದ್ದಲ್ಲ. ಆದ್ದರಿಂದಲೇ ಅದರ ಕೆಳಗೆ ಎರಡನೇ ಪಂಕ್ತಿ ರೂಪುಗೊಂಡಿತು, ಅದೂ ಎರಡು ಬಗೆಯಲ್ಲಿ.

ಮೊದಲನೆಯದು ವಿಶ್ವ ಚಾಂಪಿಯನ್‌ಷಿಪ್‌ನ ಒಳಗೇ ಇರುವ ಕೆಳವಿಭಾಗ. ಅದೇ ರಸ್ತೆ, ಅದೇ ದಿನ, ಆದರೆ ಕಡಿಮೆ ವೆಚ್ಚದ ಕಾರು. ಅಂಗಡಿಯಲ್ಲಿ ಮಾರಾಟವಾಗುವ ಕಾರಿಗೆ ಹತ್ತಿರವಿರುವ ವಾಹನಗಳಿಗಾಗಿ 1987ರಲ್ಲಿ ಆರಂಭವಾದ ಈ ಸ್ಪರ್ಧೆ 2002ರಿಂದ ‘ಪ್ರೊಡಕ್ಷನ್ ಕಾರ್ ವಿಶ್ವ ರ್ಯಾಲಿ ಚಾಂಪಿಯನ್‌ಷಿಪ್’ ಎಂಬ ಹೆಸರು ಪಡೆಯಿತು. ಮಿತ್ಸುಬಿಷಿ ಲ್ಯಾನ್ಸರ್ ಮತ್ತು ಸುಬಾರು ಇಂಪ್ರೆಝಾ ಅದನ್ನು ಆಳಿದ ಕಾರುಗಳು. 2013ರಲ್ಲಿ ಕೆಳವಿಭಾಗಗಳನ್ನೆಲ್ಲ ಪುನರ್‌ರಚಿಸಿದಾಗ ‘ಡಬ್ಲ್ಯುಆರ್‌ಸಿ–2’ ಬಂತು. ಇಂದು ವಿಶ್ವ ರ್ಯಾಲಿಯ ಎರಡನೇ ಪಂಕ್ತಿ ಎಂದರೆ ಅದೇ.

ಎರಡನೆಯದು ಖಂಡಗಳ ಮಟ್ಟದ ಚಾಂಪಿಯನ್‌ಷಿಪ್. ಯುರೋಪಿನಲ್ಲಿ 1953ರಿಂದಲೇ ಇದೆ. ನಮ್ಮ ಭಾಗಕ್ಕೆ ಅನ್ವಯಿಸುವ ಏಷ್ಯಾ–ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್ 1988ರಲ್ಲಿ ಹುಟ್ಟಿತು. ಜಪಾನಿನ ಕಝುವೊ ಶಿನೊಝುಕಾ ಅದರ ಮೊದಲ ಚಾಂಪಿಯನ್. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಮಲೇಷ್ಯಾ, ಜಪಾನ್, ಚೀನಾ ದೇಶಗಳಲ್ಲಿ ಅದರ ಸುತ್ತುಗಳು ನಡೆದಿವೆ. ಸ್ಪೇನಿನ ಕಾರ್ಲೋಸ್ ಸೈನ್ಝ್ 1990ರಲ್ಲಿ ವಿಶ್ವ ಪಟ್ಟದ ಜತೆಗೆ ಇದನ್ನೂ ಗೆದ್ದಿದ್ದರು ಎಂಬುದರಿಂದ ಇದರ ತೂಕ ಅರಿವಾದೀತು. ಎರಡನೇ ಪಂಕ್ತಿ ಎಂದರೆ ಎರಡನೇ ದರ್ಜೆಯ ಚಾಲನೆ ಎಂದಲ್ಲ. ಹಣ ಕಡಿಮೆ, ಪ್ರಚಾರ ಕಡಿಮೆ ಅಷ್ಟೆ. ತಿರುವಿನಾಚೆಗಿನ ಹಳ್ಳದ ಆಳ ಎರಡೂ ಪಂಕ್ತಿಯವರಿಗೆ ಒಂದೇ.

ಏಷ್ಯನ್ನರು ವಿಶ್ವಮಟ್ಟಕ್ಕೆ ಏರಿದ್ದು ಈ ಮೆಟ್ಟಿಲುಗಳ ಮೂಲಕವೇ. ಮಲೇಷ್ಯಾದ ಪಂಜಾಬಿ ಮೂಲದ ಚಾಲಕ ಕರಮ್‌ಜಿತ್ ಸಿಂಗ್ 2001ರಲ್ಲಿ ಏಷ್ಯಾ–ಪೆಸಿಫಿಕ್ ಪಟ್ಟ ಗೆದ್ದರು. ಮರುವರ್ಷ ಅದನ್ನು ಉಳಿಸಿಕೊಂಡದ್ದಲ್ಲದೆ, ತಮ್ಮ ದೇಶದ ಪ್ರೋಟಾನ್ ಕಾರಿನಲ್ಲಿ ಪ್ರೊಡಕ್ಷನ್ ವಿಭಾಗದ ವಿಶ್ವ ಪಟ್ಟವನ್ನೂ ತಮ್ಮದಾಗಿಸಿಕೊಂಡರು. ಅದಕ್ಕೂ ಬಹಳ ಹಿಂದೆ ಪೂರ್ವ ಆಫ್ರಿಕದ ಭಾರತೀಯ ಮೂಲದವರು ಕೆನ್ಯಾದ ಸಫಾರಿ ರ್ಯಾಲಿಯಲ್ಲಿ ಹೆಸರು ಮಾಡಿದ್ದರು. ಜೋಗಿಂದರ್ ಸಿಂಗ್ ಅದನ್ನು ಮೂರು ಬಾರಿ, ಶೇಖರ್ ಮೆಹ್ತಾ ಐದು ಬಾರಿ ಗೆದ್ದಿದ್ದಾರೆ. ಭಾರತದಲ್ಲಿಯೇ ಬೆಳೆದ ಚಾಲಕನೊಬ್ಬ ಆ ಎತ್ತರದ ಸಮೀಪಕ್ಕೆ ಬರಲು ಮಾತ್ರ 2013ರವರೆಗೆ ಕಾಯಬೇಕಾಯಿತು.

ಗಿಲ್ ಮತ್ತು ಮದರಾಸಿನ ಟೈರು

ದೆಹಲಿಯ ಗೌರವ್ ಗಿಲ್ 2013ರಲ್ಲಿ ಏಷ್ಯಾ–ಪೆಸಿಫಿಕ್ ಚಾಂಪಿಯನ್ ಆದರು. ಈ ಪಟ್ಟ ಪಡೆದ ಮೊದಲ ಭಾರತೀಯರು ಅವರು. 2016 ಮತ್ತು 2017ರಲ್ಲಿ ಮತ್ತೆ ಗೆದ್ದರು. ಮೂರೂ ಸಲ ಚೆನ್ನೈಯ ಟೈರು ಕಂಪನಿ ಎಂಆರ್‌ಎಫ್‌ನ ತಂಡ, ಸ್ಕೋಡಾ ಫ್ಯಾಬಿಯಾ ಕಾರು. ಪಕ್ಕದಲ್ಲಿ ಆಸ್ಟ್ರೇಲಿಯಾದ ಗ್ಲೆನ್ ಮ್ಯಾಕ್‌ನೀಲ್, ನಂತರ ಬೆಲ್ಜಿಯಂನ ಸ್ಟೆಫಾನ್ ಪ್ರೆವೊ ಸಹಚಾಲಕರಾಗಿದ್ದರು. ಅವರ ತಂಡದ ಜತೆಗಾರರೇ ಅವರ ಕಠಿಣ ಪ್ರತಿಸ್ಪರ್ಧಿಗಳೂ ಆಗಿದ್ದರು: 2016ರಲ್ಲಿ ಜರ್ಮನಿಯ ಫ್ಯಾಬಿಯನ್ ಕ್ರೈಮ್, 2017ರಲ್ಲಿ ನಾರ್ವೆಯ ಓಲೆ ಕ್ರಿಸ್ಟಿಯನ್ ವೀಬಿ. ಒಂದೇ ಬಗೆಯ ಕಾರಿನಲ್ಲಿ ಐರೋಪ್ಯ ತರಬೇತಿ ಪಡೆದ ಯುವಕರನ್ನು ಹಿಂದಿಕ್ಕಿದ್ದು ಕಾರಿನ ಬಲದಿಂದ ಅಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಆ ಕಾರಿನ ಬಗೆಗೂ ಎರಡು ಮಾತು ಅಗತ್ಯ. ನೋಡಲು ನಮ್ಮ ರಸ್ತೆಗಳಲ್ಲಿ ಓಡಾಡಿದ ಫ್ಯಾಬಿಯಾದಂತೆಯೇ ಕಂಡರೂ ಒಳಗಿರುವುದು ಬೇರೆಯೇ ಯಂತ್ರ. 2016–17ರಲ್ಲಿ ಬಳಸಿದ ಆರ್‌–5 ದರ್ಜೆಯ ಕಾರಿಗೆ 1.6 ಲೀಟರಿನ ಟರ್ಬೊ ಎಂಜಿನ್, ನಾಲ್ಕೂ ಚಕ್ರಗಳಿಗೆ ಚಾಲನಾಶಕ್ತಿ, ಕನಿಷ್ಠ ತೂಕ 1,230 ಕಿಲೊ. ಎಂಜಿನ್ನಿನ ಬಲ ಮಿತಿ ಮೀರದಂತೆ ಗಾಳಿ ಒಳಹೋಗುವ ದ್ವಾರವನ್ನು 32 ಮಿಲಿಮೀಟರಿಗೆ ಸೀಮಿತಗೊಳಿಸಲಾಗಿದೆ. ಬೆಲೆಗೂ ಮಿತಿಯಿತ್ತು, ಈ ದರ್ಜೆ ರೂಪುಗೊಂಡಾಗ ಎಫ್‌ಐಎ ನಿಗದಿ ಮಾಡಿದ್ದು 1.8 ಲಕ್ಷ ಯೂರೊ, ಅಂದಿನ ಲೆಕ್ಕದಲ್ಲಿ ಒಂದೂಕಾಲು ಕೋಟಿ ರೂಪಾಯಿಯ ಆಸುಪಾಸು. ಇದನ್ನು ‘ಕಡಿಮೆ ವೆಚ್ಚ’ ಎಂದು ಕರೆಯುವ ಕ್ರೀಡೆಗೆ ಜಿಲ್ಲಾ ಕೇಂದ್ರಗಳ ಯುವಕರು ಬರುವುದು ಹೇಗೆಂಬ ಪ್ರಶ್ನೆ ಏಳುವುದು ನ್ಯಾಯವೇ. ಇದೇ ದರ್ಜೆಗೆ ಈಗ ‘ರ್ಯಾಲಿ–2’ ಎಂಬ ಹೆಸರಿದೆ.

ಟೈರು ಕಂಪನಿಗೆ ಇದರಿಂದೇನು ಲಾಭ? ಜಾಹೀರಾತು ಒಂದು ಭಾಗ. ಇನ್ನೊಂದು ಭಾಗ ಪ್ರಯೋಗ. ಚೂಪುಗಲ್ಲು, ಕೆಸರು, ಸಡಿಲ ಜಲ್ಲಿ ಇವುಗಳ ಮೇಲೆ ಪೂರ್ಣ ವೇಗದಲ್ಲಿ ಓಡಿದ ಟೈರು ಕೆಲವೇ ದಿನಗಳಲ್ಲಿ ಕಲಿಸುವ ಪಾಠವನ್ನು ಹೆದ್ದಾರಿಯಲ್ಲಿ ವರ್ಷಗಟ್ಟಲೆ ಓಡಿಸಿದರೂ ಕಲಿಯಲಾಗದು. ಅದೇ ಕಂಪನಿ ಬಳಿಕ ಯುರೋಪಿಗೆ ಕಾಲಿಟ್ಟು, 2022ರಲ್ಲಿ ಅದರ ತಂಡದ ಸ್ಪೇನ್ ಚಾಲಕ ಎಫ್ರೆನ್ ಯರೇನಾ ಯುರೋಪಿಯನ್ ರ್ಯಾಲಿ ಚಾಂಪಿಯನ್ ಆದರು. ಏಷ್ಯಾದ ಮಣ್ಣಿನಲ್ಲಿ ಕಲಿತದ್ದು ಅಲ್ಲಿ ಫಲ ಕೊಟ್ಟಿತೆನ್ನಬೇಕು.

ಗಿಲ್ 2018ರಲ್ಲಿ ಫೋರ್ಡ್ ಫಿಯೆಸ್ಟಾ ಕಾರಿನೊಂದಿಗೆ ಟರ್ಕಿಯಲ್ಲಿ ಡಬ್ಲ್ಯುಆರ್‌ಸಿ–2 ಪ್ರವೇಶಿಸಿದರು. 2019ರ ಆಗಸ್ಟ್‌ನಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಘೋಷಣೆಯಾಯಿತು. ಮೋಟಾರ್ ಕ್ರೀಡೆಗೆ ಆ ಗೌರವ ಸಂದದ್ದು ಅದೇ ಮೊದಲು.

ತೋಟದ ದಾರಿಯ ಅನುಕೂಲ

ಇಂಥ ಚಾಂಪಿಯನ್‌ಷಿಪ್‌ನ ಸುತ್ತು ಚಿಕ್ಕಮಗಳೂರಿಗೇ ಏಕೆ ಬಂತು? ರ್ಯಾಲಿ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ‘ಕೆ–1000’ ರ್ಯಾಲಿಯ ಇತಿಹಾಸ 1970ರ ದಶಕಕ್ಕೆ ಹೋಗುತ್ತದೆ. ಹೆಸರಿನಲ್ಲಿರುವ ಸಾವಿರ, ಸಾವಿರ ಕಿಲೊಮೀಟರ್ ದೂರದ ಸೂಚಕ. ಹೆಸರಿನಲ್ಲೇ ಮಲೆನಾಡಿನಂಚಿನ ಊರೊಂದನ್ನು ಹೊತ್ತ ಕರ್ಣ ಕಡೂರು ಸೇರಿದಂತೆ ರಾಜ್ಯದ ಹಲವರು ರಾಷ್ಟ್ರೀಯ ಚಾಂಪಿಯನ್ನರಾಗಿದ್ದಾರೆ. ಚಿಕ್ಕಮಗಳೂರು, ಕೊಡಗುಗಳಲ್ಲಿ ತೋಟಗಾರ ಮನೆತನಗಳ ಯುವಕರು ಜೀಪು, ಜಿಪ್ಸಿಗಳೊಂದಿಗೆ ಬೆಳೆದವರು. ಅಲ್ಲಿ ಕಾರು ಜಾರಿಸುವುದು ಕಲಿಸದೆ ಬರುವ ವಿದ್ಯೆ.

ಇವೆಲ್ಲಕ್ಕಿಂತ ದೊಡ್ಡ ಕಾರಣ ತೋಟದ ದಾರಿಗಳೇ. ದೊಡ್ಡ ಕಾಫಿ ಎಸ್ಟೇಟುಗಳ ಒಳಗೆ ಕಿಲೊಮೀಟರುಗಟ್ಟಲೆ ಮಣ್ಣಿನ ರಸ್ತೆಗಳಿವೆ. ಅವು ಗುಡ್ಡದ ಮೈಯನ್ನು ಬಳಸುತ್ತಾ ಸಾಗುತ್ತವೆ. ನೂರು ಮೀಟರಿಗೊಂದು ತಿರುವು. ದಾರಿಯ ಇಕ್ಕೆಲಗಳಲ್ಲಿ ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಓಕ್ ನೆರಳು. ಮುಖ್ಯವಾಗಿ, ಈ ದಾರಿಗೆ ಗೇಟು ಇದೆ, ಗೇಟಿಗೆ ಕಾವಲುಗಾರನಿದ್ದಾನೆ, ಮಾಲೀಕನೊಬ್ಬನಿದ್ದಾನೆ. ಆತ ಒಪ್ಪಿದರೆ ಹತ್ತು ಕಿಲೊಮೀಟರ್ ದಾರಿ ಮುಚ್ಚಿದಂತೆಯೇ. ಚಿಕ್ಕಮಗಳೂರಿನ ರ್ಯಾಲಿ ಕಾಫಿ ಕಂಪನಿಯೊಂದರ ಹೆಸರಿನಲ್ಲಿ ನಡೆದದ್ದು ಕಾಕತಾಳೀಯವಲ್ಲ. ‘ಕಾಫಿ ಡೇ ಇಂಡಿಯಾ ರ್ಯಾಲಿ’ ಎಂಬುದೇ ಅದರ ಹೆಸರಾಗಿತ್ತು.

ವರ್ಷಾಂತ್ಯದ ಹವೆಯೂ ಕಣವನ್ನು ಕಠಿಣಗೊಳಿಸುತ್ತಿತ್ತು. ಬೆಳಗಿನ ಇಬ್ಬನಿಗೆ ನೆರಳಿನ ಮಣ್ಣು ಸಾಬೂನಿನಂತೆ ಜಾರುತ್ತದೆ. ಮಧ್ಯಾಹ್ನದ ವೇಳೆಗೆ ಅದೇ ದಾರಿ ಒಣಗಿ, ಮುಂದೆ ಹೋದ ಕಾರಿನ ಧೂಳು ಮರಗಳ ನಡುವೆ ಗಾಳಿಯಿಲ್ಲದೆ ತೂಗಿ ನಿಲ್ಲುತ್ತದೆ. ಹಿಂದೆ ಬರುವವನಿಗೆ ದಾರಿಯೇ ಕಾಣದು. ಸಡಿಲ ಜಲ್ಲಿಯ ಮೇಲೆ ಮೊದಲು ಹೋಗುವವನಿಗೆ ಬೇರೊಂದು ಸಂಕಟ: ಆತ ಹಿಂದಿನವರಿಗಾಗಿ ದಾರಿ ಗುಡಿಸಿಕೊಟ್ಟಂತಾಗುತ್ತದೆ. ಮುಂಚೂಣಿಯಲ್ಲಿರುವವನೇ ಸಾಮಾನ್ಯವಾಗಿ ಮೊದಲು ಹೊರಡುವುದರಿಂದ ಮುನ್ನಡೆಯೇ ಹೊರೆಯಾಗುವ ವಿಚಿತ್ರ ಈ ಕ್ರೀಡೆಯಲ್ಲುಂಟು.

ರಸ್ತೆ ಮುಚ್ಚುವವರ ಹೊಣೆ

ಇಷ್ಟೆಲ್ಲ ಸೊಗಸಿನ ಹಿಂದೆ ಒಂದು ಕಠೋರ ಸತ್ಯವಿದೆ. ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನಗಳ ವೇಗದ ಸ್ಪರ್ಧೆ ನಮ್ಮ ದೇಶದಲ್ಲಿ ಮೂಲತಃ ಅಪರಾಧ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಅಂಥ ಸ್ಪರ್ಧೆ ನಡೆಸುವವರೂ ಅದರಲ್ಲಿ ಭಾಗವಹಿಸುವವರೂ ಶಿಕ್ಷಾರ್ಹರು. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ರಾತ್ರಿ ವೇಳೆ ವರ್ತುಲ ರಸ್ತೆಯಲ್ಲಿ ಬೈಕ್ ಓಡಿಸಿ ಪಂಥ ಕಟ್ಟುವ ಹುಡುಗರಿಗೂ ರ್ಯಾಲಿ ಚಾಲಕನಿಗೂ ಇರುವ ವ್ಯತ್ಯಾಸ ಈ ಒಪ್ಪಿಗೆಯ ಕಾಗದ, ಮತ್ತು ಅದರೊಂದಿಗೆ ಬರುವ ಹೊಣೆ.

ಆ ಹೊಣೆ ಹೀಗಿರುತ್ತದೆ. ಹಂತದ ಮೊದಲ ಸ್ಪರ್ಧಿ ಹೊರಡುವ ಮುನ್ನ ಮೂರು ಸೊನ್ನೆ, ಎರಡು ಸೊನ್ನೆ, ಒಂದು ಸೊನ್ನೆ ಎಂದು ಅಂಕಿ ಬರೆದ ಸಂಘಟಕರ ಕಾರುಗಳು ಒಂದರ ಹಿಂದೊಂದು ಅದೇ ದಾರಿಯಲ್ಲಿ ಸಾಗಿ, ಅಡ್ಡದಾರಿಗಳೆಲ್ಲ ಮುಚ್ಚಿವೆಯೇ, ಜನ ಸುರಕ್ಷಿತ ಜಾಗದಲ್ಲಿ ನಿಂತಿದ್ದಾರೆಯೇ ಎಂದು ನೋಡುತ್ತವೆ. ಪ್ರತಿ ಕೂಡುರಸ್ತೆಗೆ, ಕಾಲುದಾರಿಗೆ ಕಾವಲಿನವರು ಬೇಕು. ನಡುನಡುವೆ ರೇಡಿಯೊ ಹಿಡಿದ ಅಧಿಕಾರಿಗಳು ಪ್ರತಿ ಕಾರಿನ ಸಂಖ್ಯೆ ಬರೆದುಕೊಳ್ಳುತ್ತಾರೆ. ಆರಂಭದಲ್ಲಿ ಆಂಬುಲೆನ್ಸ್ ಮತ್ತು ವೈದ್ಯರು ಸಿದ್ಧರಿರಬೇಕು. ಅಪಘಾತವಾದರೆ ಕಾರಿನಲ್ಲಿದ್ದವರು ‘ಓಕೆ’ ಅಥವಾ ‘ಎಸ್‌ಓಎಸ್’ ಎಂಬ ಫಲಕ ತೋರಿಸಬೇಕು. ಹಿಂದೆ ಬಂದವನು ಎಸ್‌ಓಎಸ್ ಕಂಡರೆ ತನ್ನ ಓಟ ಬಿಟ್ಟು ನಿಲ್ಲಲೇಬೇಕು. ಕೊನೆಯ ಸ್ಪರ್ಧಿಯ ಹಿಂದೆ ಬರುವ ಸಂಘಟಕರ ಕಾರು ಹಾದುಹೋದ ಮೇಲಷ್ಟೇ ದಾರಿ ಮತ್ತೆ ಊರಿನದು.

ಈ ನಿಯಮಗಳು ಸುಮ್ಮನೆ ಹುಟ್ಟಿದವಲ್ಲ. 1986ರ ಮಾರ್ಚ್‌ನಲ್ಲಿ ಪೋರ್ಚುಗಲ್ ರ್ಯಾಲಿಯಲ್ಲಿ ಕಾರೊಂದು ಪ್ರೇಕ್ಷಕರ ಗುಂಪಿಗೆ ನುಗ್ಗಿ ಮೂವರು ಸತ್ತರು. ಎರಡು ತಿಂಗಳೊಳಗೆ ಕೋರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಮೃತಪಟ್ಟರು. ಆ ಕಾಲದ ಅತಿಬಲದ ‘ಗ್ರೂಪ್ ಬಿ’ ಕಾರುಗಳನ್ನು ಮರುವರ್ಷದಿಂದ ನಿಷೇಧಿಸಲಾಯಿತು. ಏಷ್ಯಾ–ಪೆಸಿಫಿಕ್ ಪಟ್ಟವನ್ನು ಮೂರು ಬಾರಿ ಗೆದ್ದ ನ್ಯೂಜಿಲೆಂಡಿನ ಪಾಸಮ್ ಬೋರ್ನ್ ಅವರ ಸಾವು ಬೇರೆ ಬಗೆಯದು. 2003ರ ಏಪ್ರಿಲ್‌ನಲ್ಲಿ ಬೆಟ್ಟದ ಓಟವೊಂದರ ದಾರಿಯನ್ನು ಮುಂಚಿತವಾಗಿ ನೋಡುತ್ತಿದ್ದಾಗ ಎದುರಿನಿಂದ ಬಂದ ವಾಹನಕ್ಕೆ ಡಿಕ್ಕಿಯಾಗಿ ಅವರು ತೀರಿಕೊಂಡರು. ದಶಕಗಳ ಕಾಲ ಮುಚ್ಚಿದ ರಸ್ತೆಗಳಲ್ಲಿ ಪೂರ್ಣ ವೇಗದಲ್ಲಿ ಓಡಿಸಿದವರನ್ನು ಬಲಿ ತೆಗೆದುಕೊಂಡದ್ದು ಮುಚ್ಚದ ರಸ್ತೆ.

ನಮ್ಮ ದೇಶದ ಗಾಯ ಇನ್ನೂ ಹಸಿಯಾಗಿದೆ. 2019ರ ಸೆಪ್ಟೆಂಬರ್ 21ರಂದು ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ್ಯಾಲಿ ಚಾಂಪಿಯನ್‌ಷಿಪ್‌ನ ಹಂತವೊಂದು ನಡೆಯುತ್ತಿದ್ದಾಗ, ಮುಚ್ಚಿದ ದಾರಿಗೆ ಬೈಕೊಂದು ಬಂದಿತ್ತು. ಗಿಲ್ ಚಲಾಯಿಸುತ್ತಿದ್ದ ಕಾರು ಅದಕ್ಕೆ ಡಿಕ್ಕಿ ಹೊಡೆಯಿತು. ಬೈಕಿನಲ್ಲಿದ್ದ ತಂದೆ, ತಾಯಿ, ಮಗ ಮೂವರೂ ಸತ್ತರು. ಗಿಲ್ ಗಾಯಗೊಂಡರು, ರ್ಯಾಲಿ ರದ್ದಾಯಿತು, ಪೊಲೀಸರು ಪ್ರಕರಣ ದಾಖಲಿಸಿದರು. ಅರ್ಜುನ ಪ್ರಶಸ್ತಿಯ ಸುದ್ದಿ ಬಂದು ಆಗಿನ್ನೂ ಕೆಲವೇ ವಾರ. ನಾಲ್ಕು ಸಾಲಿನ ಸುದ್ದಿಯಾಗಿದ್ದ ಕ್ರೀಡೆ ಅಂದು ಮುಖಪುಟಕ್ಕೆ ಬಂತು.

ದಿಬ್ಬದಾಚೆ ಕಾಣದಿದ್ದರೂ ನುಗ್ಗುವುದು ಚಾಲಕನ ಕೆಲಸವೆಂದು ಮೇಲೆ ಹೇಳಿದೆ. ಆತ ಹಾಗೆ ನುಗ್ಗುವುದು, ದಾರಿ ಖಾಲಿಯಿದೆಯೆಂದು ಯಾರೋ ಕೊಟ್ಟ ಮಾತನ್ನು ನಂಬಿ. ಹೊಲಕ್ಕೆ ಹೋಗುವ ಕಾಲುದಾರಿಯೊಂದಕ್ಕೆ ಕಾವಲಿಲ್ಲದಿದ್ದರೆ, ಅಥವಾ ಕಾವಲಿದ್ದವನ ಮಾತನ್ನು ಊರವನು ಲೆಕ್ಕಿಸದಿದ್ದರೆ, ಆ ಮಾತು ಸುಳ್ಳಾಗುತ್ತದೆ. ತನ್ನ ಅಜ್ಜನ ಕಾಲದಿಂದ ತಿರುಗಾಡಿದ ದಾರಿಯಲ್ಲಿ ಪರಊರಿನವನೊಬ್ಬ ಬಂದು ‘ನಿಲ್ಲು’ ಎಂದರೆ ಏಕೆ ನಿಲ್ಲಬೇಕೆಂದು ಹಳ್ಳಿಯವನು ಕೇಳುವುದರಲ್ಲಿ ತಪ್ಪೇನಿದೆ? ಕರಪತ್ರ ಹಂಚಿದರೆ, ಧ್ವನಿವರ್ಧಕದಲ್ಲಿ ಕೂಗಿದರೆ ಸಾಲದು. ಇದು ಊರಿನವರೇ ತಮ್ಮದೆಂದು ಒಪ್ಪಿಕೊಂಡ ಕಟ್ಟಳೆಯಾಗಬೇಕು.

ಅದು ಅಸಾಧ್ಯವೇನಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿರುವ ಶರಣಬಸವೇಶ್ವರ ದೇವಸ್ಥಾನದ ಎದುರು ಹೋಳಿಯ ನಂತರ ರಥೋತ್ಸವ ನಡೆಯುವ ಸಂಜೆಯನ್ನು ಕಂಡವರಿಗೆ ಇದು ಗೊತ್ತು. ರಥ ಎಳೆಯುವ ಹೊತ್ತಿಗೆ ಆ ದಾರಿ ರಥದ್ದು. ವಾಹನ ತಂದು ನಡುವೆ ನುಗ್ಗಿಸುವ ಯೋಚನೆ ಯಾರಿಗೂ ಬಾರದು. ಪೊಲೀಸರು ಇರುತ್ತಾರೆ, ನಿಜ. ಆದರೆ ಲಕ್ಷಾಂತರ ಜನರನ್ನು ತಡೆದು ನಿಲ್ಲಿಸುವುದು ಲಾಠಿಯಲ್ಲ, ಎಲ್ಲರಿಗೂ ತಿಳಿದ ಕ್ರಮ.

ಈ ಭಾಗಕ್ಕೆ ಬರಬಹುದೇ?

ಮೋಟಾರ್ ಕ್ರೀಡೆಯಲ್ಲಿ ಆಸಕ್ತರಾದ ಕಲ್ಯಾಣ ಕರ್ನಾಟಕದ ಯುವಕರು ಕೇಳುವ ಪ್ರಶ್ನೆ ಇದು: ಚಿಕ್ಕಮಗಳೂರಿಗೆ ಬಂದದ್ದು ನಮ್ಮಲ್ಲಿಗೇಕೆ ಬಾರದು? ಭಾವುಕತೆ ಬದಿಗಿಟ್ಟು ನೋಡಿದರೆ ಉತ್ತರ ಮಣ್ಣಿನಲ್ಲಿಯೇ ಇದೆ. ಜಿಲ್ಲೆಯ ಬಹುಭಾಗ ಎರೆಭೂಮಿ. ಮಳೆ ಬಿದ್ದರೆ ಚಪ್ಪಲಿಗೆ ಸೇರುಗಟ್ಟಲೆ ಅಂಟುವ ಮಣ್ಣು ಚಕ್ರವನ್ನು ತಿರುಗಲು ಬಿಡದು; ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಿಟ್ಟಿನಂಥ ಧೂಳಾಗುತ್ತದೆ. ಬಯಲಾದ್ದರಿಂದ ದಾರಿಗಳು ನೇರ. ನೇರ ದಾರಿಯಲ್ಲಿ ವೇಗ ಮಿತಿ ಮೀರುತ್ತದೆ, ಆಗ ಟೈರು, ಹುಲ್ಲಿನ ಪೆಂಡಿಗಳನ್ನು ಅಡ್ಡವಿಟ್ಟು ಕೃತಕ ತಿರುವು ನಿರ್ಮಿಸಬೇಕಾಗುತ್ತದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ದಾಟಿ ಹುಮನಾಬಾದ್, ಬೀದರ್ ಕಡೆ ಸಾಗಿದಂತೆ ಜಂಬಿಟ್ಟಿಗೆಯ ಕೆಂಪು ನೆಲ ಸಿಗುತ್ತದೆ, ಏರಿಳಿತವೂ ಇದೆ. ರ್ಯಾಲಿಗೆ ಒಪ್ಪುವ ಮಣ್ಣು ಅದು. ಚಿಂಚೋಳಿಯ ಗುಡ್ಡಗಳ ದಾರಿ ಇನ್ನೂ ಚೆಲುವು. ಆದರೆ ಅದರ ಬಹುಪಾಲು ವನ್ಯಜೀವಿಧಾಮ. ಅಲ್ಲಿ ಈ ಆಟದ ಮಾತೇ ಸಲ್ಲದು.

ಮಣ್ಣಿಗಿಂತ ಮುಖ್ಯವಾದದ್ದು ಒಡೆತನ. ತೋಟದ ಗೇಟಿಗೆ ಒಬ್ಬ ಮಾಲೀಕ. ಇಲ್ಲಿ ಹತ್ತು ಕಿಲೊಮೀಟರ್ ದಾರಿಯ ಇಕ್ಕೆಲಗಳಲ್ಲಿ ನೂರಾರು ರೈತರು. ಪ್ರತಿಯೊಬ್ಬರ ಹೊಲಕ್ಕೂ ಒಂದು ಕವಲು. ರ್ಯಾಲಿಗೆ ಹವೆ ಹಿತವಾಗುವ ಡಿಸೆಂಬರ್, ಜನವರಿಯಲ್ಲಿ ಇಲ್ಲಿ ತೊಗರಿಯ ರಾಶಿ. ರಾಶಿಯ ದಿನ ಅರ್ಧ ಹೊತ್ತು ಟ್ರ್ಯಾಕ್ಟರ್ ನಿಂತರೆ ಆ ನಷ್ಟವನ್ನು ಕಟ್ಟಿಕೊಡುವವರು ಯಾರೆಂಬುದು ಯಾವ ಸಂಘಟಕರೂ ಮೊದಲು ಉತ್ತರಿಸಬೇಕಾದ ಪ್ರಶ್ನೆ. 2019ರಿಂದ ವಿಮಾನ ನಿಲ್ದಾಣವಿದೆ, ದೊಡ್ಡ ಆಸ್ಪತ್ರೆಗಳಿವೆ, ಹೋಟೆಲುಗಳಿವೆ. ಇವೆಲ್ಲ ಇದ್ದೂ ಆ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಚಾಂಪಿಯನ್‌ಷಿಪ್ ಕೂಡ ಮೊದಲಿನ ವೈಭವದಲ್ಲಿಲ್ಲ. ಕೋವಿಡ್ ವರ್ಷಗಳಲ್ಲಿ ಸುತ್ತುಗಳು ರದ್ದಾದವು. ಏಷ್ಯಾ ಮತ್ತು ಪೆಸಿಫಿಕ್ ಭಾಗಗಳಿಗೆ ಪ್ರತ್ಯೇಕ ಕಪ್‌ಗಳ ವ್ಯವಸ್ಥೆ ಬಂತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ದಕ್ಷಿಣ ಭಾರತ ರ್ಯಾಲಿ ಏಷ್ಯಾ ವಿಭಾಗದ ಪಂದ್ಯವಾಗಿ ನಡೆದಿದೆ.

ಹಾಗೆಂದು ಈ ಭಾಗದ ಆಸಕ್ತರು ಕೈಕಟ್ಟಿ ಕೂರಬೇಕಿಲ್ಲ. ರ್ಯಾಲಿಯ ಪಾಠಶಾಲೆ ಎನ್ನಬಹುದಾದ ಇನ್ನೊಂದು ಬಗೆಯಿದೆ: ಸಮಯ, ವೇಗ, ದೂರ ಇವುಗಳ ಲೆಕ್ಕದ ‘ಟಿಎಸ್‌ಡಿ’ ರ್ಯಾಲಿ. ಅದರಲ್ಲಿ ವೇಗವಾಗಿ ಹೋದವರು ಗೆಲ್ಲುವುದಿಲ್ಲ. ಸಂಘಟಕರು ಗೊತ್ತುಮಾಡಿದ ಸರಾಸರಿ ವೇಗವನ್ನು, ಅದೂ ಕಾನೂನಿನ ಮಿತಿಯೊಳಗಿನ ವೇಗವನ್ನು, ಸೆಕೆಂಡು ತಪ್ಪದಂತೆ ಕಾಯ್ದುಕೊಂಡವರು ಗೆಲ್ಲುತ್ತಾರೆ. ಮನೆಯ ಕಾರು ಸಾಕು. ದಾರಿಯ ಪುಸ್ತಕ, ಗಡಿಯಾರ, ಲೆಕ್ಕ ಬಲ್ಲ ಜತೆಗಾರ ಇದ್ದರಾಯಿತು. ಎಷ್ಟೋ ಹೆಸರಾಂತ ಸಹಚಾಲಕರು ಮೊದಲು ಪಳಗಿದ್ದು ಇಂಥ ಲೆಕ್ಕದಲ್ಲೇ. ಇದಕ್ಕಾಗಿ ಯಾವ ರಸ್ತೆಯನ್ನೂ ಮುಚ್ಚಬೇಕಿಲ್ಲ. ಎದುರಿಗೆ ತೊಗರಿ ಹೇರಿದ ಗಾಡಿ ಬಂದರೆ ಕಾರು ಬದಿಗೆ ನಿಲ್ಲಿಸಿ ದಾರಿ ಬಿಡಬೇಕು. ಕಳೆದ ನಿಮಿಷವನ್ನು ಮುಂದಿನ ಹತ್ತು ಕಿಲೊಮೀಟರಿನಲ್ಲಿ, ಮಿತಿ ಮೀರದಂತೆ, ಚೂರುಚೂರಾಗಿ ಹೊಂದಿಸಿಕೊಳ್ಳಬೇಕು.